ನಾನು ನುಂಗಿಕೊಂಡ ಮಾತು

ನಮ್ಮೂರಿನ ಮಹಿಳಾ ಸಮಾಜದ ಹಾಲಿನಲ್ಲಿ ಒಂದು ಭಾನುವಾರ ಸಂಜೆ ಲೈಬೀರಿಯಾದ ಹೆಂಗಸರ ಬಗೆಗಿನ ಸಾಕ್ಷ್ಯಚಿತ್ರವೊಂದನ್ನು ತೋರಿಸಿ, ಆಮೇಲೆ 'ವಿಶ್ವಶಾಂತಿ ಮತ್ತು ಮಹಿಳೆ' ಎಂಬ ವಿಷಯದ ಮೇಲೆ ಸಾರ್ವಜನಿಕ ಚರ್ಚೆ ಇಟ್ಟುಕೊಂಡಿದ್ದೆವು. ಚಿತ್ರದಲ್ಲಿ ಆಡುವ ಇಂಗ್ಲಿಷು ನಮ್ಮ ಕಿವಿಗೆ ರೂಢಿಯಿಲ್ಲದ್ದು. ಕೆಳಗೆ ಓಡುವ ಅಕ್ಷರಗಳನ್ನು ಓದಿ ಮುಗಿಸುವುದರೊಳಗೆ ದೃಶ್ಯವೇ ಮುಂದೆ ಹೋಗಿರುತ್ತದೆ. ಹಾಗಾಗಿ ನಡುನಡುವೆ ನಿಲ್ಲಿಸಿ, ಈಗ ಏನಾಯಿತು ಎಂದು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಎನ್ನುವುದಕ್ಕಿಂತ, ನಾನೇ ಮುಂದಾಗಿ ಒಪ್ಪಿಕೊಂಡೆ ಎಂದರೆ ಸರಿ. ಮೈಕು ಹಿಡಿದು ನಿಲ್ಲುವ ಆಸೆ ಯಾರಿಗಿಲ್ಲ?

ಆ ಸಂಜೆ ನಾನು ಎರಡು ಕಡೆ ತಪ್ಪಿದೆ. ಒಂದು ಕಡೆ ಸಣ್ಣದನ್ನು ದೊಡ್ಡದು ಮಾಡಿದೆ, ಇನ್ನೊಂದು ಕಡೆ ದೊಡ್ಡದನ್ನು ನುಂಗಿಕೊಂಡೆ. ಚಿತ್ರದ ವಿಮರ್ಶೆ ಬರೆಯಬೇಕೆಂದು ಕುಳಿತರೆ ಮೊದಲು ಅದೇ ನೆನಪಾಗುತ್ತದೆ. ಅಲ್ಲದೆ, ಆ ತಪ್ಪು ನನ್ನೊಬ್ಬಳದೇ ಅಲ್ಲ ಎಂದು ಈಗ ಅನ್ನಿಸುತ್ತಿದೆ. ಶಾಂತಿ, ಸಂಧಾನ ಎಂದು ಎಲ್ಲೆಲ್ಲಿ ಸಭೆ ಸೇರುತ್ತದೋ ಅಲ್ಲೆಲ್ಲ ಹೆಂಗಸರ ಬಗ್ಗೆ ಮಾತಾಡುವಾಗ ನಡೆಯುವ ತಪ್ಪೇ ಅದು.

ಚಿತ್ರದ ಹೆಸರು 'ಪ್ರೇ ದ ಡೆವಿಲ್ ಬ್ಯಾಕ್ ಟು ಹೆಲ್'. ಪ್ರಾರ್ಥನೆ ಮಾಡಿ ಮಾಡಿಯೇ ಸೈತಾನನನ್ನು ನರಕಕ್ಕೆ ವಾಪಸು ಅಟ್ಟುವುದು ಎಂದು ಅರ್ಥ. ಅಬಿಗೇಲ್ ಡಿಸ್ನಿ ನಿರ್ಮಿಸಿ ಜಿನಿ ರೆಟಿಕರ್ ನಿರ್ದೇಶಿಸಿದ, 2008ರಲ್ಲಿ ಬಂದ ಚಿತ್ರ. ಲೈಬೀರಿಯಾ ಪಶ್ಚಿಮ ಆಫ್ರಿಕಾದ ಕಡಲ ದಂಡೆಯ ಪುಟ್ಟ ದೇಶ. ಅಮೆರಿಕದಿಂದ ಬಿಡುಗಡೆಯಾಗಿ ಬಂದ ಕಪ್ಪು ಜನ ಕಟ್ಟಿ, 1847ರಲ್ಲಿ ಸ್ವತಂತ್ರವೆಂದು ಸಾರಿದ ನಾಡು. ಬಂದವರು ಮತ್ತು ಮೊದಲಿಂದ ಇದ್ದವರು ಎಂಬ ಬಿರುಕು ಅಲ್ಲಿಂದಲೇ ಶುರು. 1989ರ ಕೊನೆಗೆ ಚಾರ್ಲ್ಸ್ ಟೇಲರ್ ಎಂಬಾತ ದಂಡು ಕಟ್ಟಿಕೊಂಡು ಗಡಿ ದಾಟಿ ಬಂದ ಮೇಲೆ ಹೊತ್ತಿದ ಬೆಂಕಿ, ನಡುವೆ ಎರಡು ವರ್ಷ ಬೂದಿ ಮುಚ್ಚಿದ ಕೆಂಡದಂತಿದ್ದು, 2003ರವರೆಗೆ ಉರಿಯಿತು. ಸತ್ತವರು ಎರಡೂವರೆ ಲಕ್ಷದವರೆಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ದೇಶದ ಜನಸಂಖ್ಯೆಯೇ ಮೂವತ್ತು ಲಕ್ಷದ ಆಸುಪಾಸು. ಕೋವಿಗಿಂತ ಸ್ವಲ್ಪವೇ ಎತ್ತರದ ಹುಡುಗರ ಕೈಗೆ ಕೋವಿ ಕೊಟ್ಟು ನಡೆಸಿದ ಯುದ್ಧ ಅದು. 1997ರಲ್ಲಿ ಆ ಟೇಲರನೇ ಚುನಾವಣೆ ಗೆದ್ದು ಅಧ್ಯಕ್ಷನೂ ಆದ. ಅವನ ವಿರುದ್ಧ ಬೇರೆ ದಂಡುಗಳು ಎದ್ದವು.

ಈ ಹೊತ್ತಿನಲ್ಲಿ ರಾಜಧಾನಿ ಮನ್ರೋವಿಯಾದ ಹೆಂಗಸರು, ಕ್ರಿಶ್ಚಿಯನರು ಮತ್ತು ಮುಸ್ಲಿಮರು ಕೂಡಿ, ಬಿಳಿ ಬಟ್ಟೆ ಉಟ್ಟು, ಒಡವೆ ಬಿಚ್ಚಿಟ್ಟು, ಮೀನುಮಾರುಕಟ್ಟೆಯ ಬಯಲಿನಲ್ಲಿ ಹೋಗಿ ಕುಳಿತರು. ಅಧ್ಯಕ್ಷನ ಕಾರುಗಳ ಸಾಲು ದಿನವೂ ಹಾಯುವ ದಾರಿಯ ಪಕ್ಕದ ಬಯಲು ಅದು. 2003ರ ಏಪ್ರಿಲಿನ ಬಿಸಿಲು, ಆಮೇಲೆ ಮಳೆಗಾಲ. ಕುಳಿತರು ಎಂದರೆ ಕುಳಿತೇ ಇದ್ದರು.

ಚಿತ್ರ ಚೆನ್ನಾಗಿದೆ. ಮೊದಲು ಅದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಆಕ್ಷೇಪಣೆಗಳನ್ನು ನೀವು ಅಪಾರ್ಥ ಮಾಡಿಕೊಂಡೀರಿ. ಅದರಲ್ಲಿ ಪಂಡಿತರ ವಿವರಣೆಯಿಲ್ಲ, ಹಿನ್ನೆಲೆಯಿಂದ ಗಡಸು ದನಿಯಲ್ಲಿ ತಿಳಿಹೇಳುವ ಗಂಡಸಿಲ್ಲ. ಆ ಹೆಂಗಸರೇ ನಿಮ್ಮೆದುರು ಕುಳಿತು ಹೇಳುತ್ತಾರೆ. ಮುಂದಾಳು ಲೇಮಾ ಬೋವೀ, ಪೊಲೀಸ್ ಇಲಾಖೆಯಲ್ಲಿದ್ದ ಮುಸ್ಲಿಂ ಮಹಿಳೆ ಅಸಾಟು, ಸಮಾಜಸೇವಕಿ ವೈಬಾ, ಪತ್ರಕರ್ತೆ ಜಾನೆಟ್. ಏಪ್ರಿಲ್ 23ರಂದು ಟೇಲರನ ಎದುರು ನಿಂತು ಲೇಮಾ ಮನವಿ ಓದುವ ದೃಶ್ಯವಿದೆ. ಯುದ್ಧ ಸಾಕಾಗಿದೆ, ಓಡಿ ಓಡಿ ಸಾಕಾಗಿದೆ, ಪರಿಹಾರದ ಗೋಧಿನುಚ್ಚಿಗೆ ಕೈಯೊಡ್ಡಿ ಸಾಕಾಗಿದೆ ಎನ್ನುತ್ತಾಳೆ. ಶಾಲೆಯಲ್ಲಿ ಅಮೆರಿಕದ ಗೋಧಿನುಚ್ಚಿನ ಉಪ್ಪಿಟ್ಟು ತಿಂದು ಬೆಳೆದ ನಮ್ಮ ತಲೆಮಾರಿನವರಿಗೆ ಆ ಒಂದು ಮಾತು ಸಾಕು, ದೂರದ ಆಫ್ರಿಕ ನಮ್ಮ ತಟ್ಟೆಯ ಪಕ್ಕಕ್ಕೇ ಬಂದುಬಿಡುತ್ತದೆ. ನಮ್ಮ ಹಾಲಿನಲ್ಲೂ ಎರಡು ಮೂರು ಜನ ನುಚ್ಚಿನ ಮಾತು ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಚಿತ್ರದಲ್ಲಿ ಸ್ವಲ್ಪ ಹೊತ್ತು ಮಾತ್ರ ಬರುವ ಒಂದು ಸಂಗತಿಯಿದೆ. ಯುದ್ಧ ನಿಲ್ಲುವವರೆಗೆ ಗಂಡಂದಿರನ್ನು ಹತ್ತಿರ ಸೇರಿಸುವುದಿಲ್ಲವೆಂದು ಆ ಹೆಂಗಸರು ತೀರ್ಮಾನಿಸಿದ್ದು. ನಾನು ಚಿತ್ರ ನಿಲ್ಲಿಸಿ, ಸ್ವಲ್ಪ ನಾಟಕೀಯವಾಗಿಯೇ, "ಇದು ಅವರು ಹಿಡಿದ ಕಠಿಣ ವ್ರತ. ಕಷ್ಟವಾದದ್ದು ಯಾರಿಗೆ ಎಂದು ನೀವೇ ಊಹಿಸಿ" ಎಂದೆ. ಹಾಲಿಗೆ ಹಾಲೇ ನಕ್ಕಿತು. ಮುಂದಿನ ಸಾಲಿನಲ್ಲಿ ಕುಳಿತ ಅತಿಥಿಗಳೂ ನಕ್ಕರು. ಆಮೇಲಿನ ಚರ್ಚೆಯಲ್ಲಿ ಮಾತಾಡಿದವರೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದರು. ಒಬ್ಬರು ಗ್ರೀಕ್ ನಾಟಕದ ಉದಾಹರಣೆ ಕೊಟ್ಟರು, ಇನ್ನೊಬ್ಬರು ಸಂಯಮದ ಮಹತ್ವ ಹೇಳಿದರು. ಕಾರ್ಯಕ್ರಮ ಗೆದ್ದಿತೆಂದು ನಾನು ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ಕೆಲವು ತಿಂಗಳ ಮೇಲೆ ಲೇಮಾ ಬೋವೀ ಬರೆದ ಆತ್ಮಕಥೆ, 2011ರಲ್ಲಿ ಬಂದ 'ಮೈಟಿ ಬಿ ಅವರ್ ಪವರ್ಸ್', ಕೈಗೆ ಸಿಕ್ಕಿತು. ಅದರಲ್ಲಿ ಆಕೆ ಈ ವ್ರತದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಅದು ಕೆಲವು ತಿಂಗಳು ಬಿಟ್ಟು ಬಿಟ್ಟು ನಡೆಯಿತಂತೆ. ಅದರಿಂದ ಯುದ್ಧದ ಮೇಲೆ ಪರಿಣಾಮ ಆದದ್ದು ಇಲ್ಲವೆನ್ನುವಷ್ಟು ಕಡಿಮೆ. ಪತ್ರಿಕೆಯವರ ಗಮನ ಸೆಳೆಯಲು ಮಾತ್ರ ತುಂಬ ಪ್ರಯೋಜನವಾಯಿತಂತೆ. ಎಷ್ಟೋ ವರ್ಷ ಕಳೆದ ಮೇಲೂ ತಾನು ಎಲ್ಲಿ ಹೋದರೂ ಜನ ಮೊದಲು ಕೇಳುವ ಪ್ರಶ್ನೆ ಅದೇ ಎಂದೂ ಬರೆದಿದ್ದಾಳೆ. ಓದಿ ನನ್ನ ಕಿವಿ ಬಿಸಿಯಾಯಿತು. ಬಯಲಿನಲ್ಲಿ ತಿಂಗಳುಗಟ್ಟಲೆ ಕುಳಿತದ್ದು, ನೀರು ಒದಗಿಸಿದ್ದು, ಬಸ್ಸಿನ ಖರ್ಚಿಗೆ ದುಡ್ಡು ಕೂಡಿಸಿದ್ದು, ಚರ್ಚಿಗೂ ಮಸೀದಿಗೂ ಮಾರುಕಟ್ಟೆಗೂ ಮನೆಮನೆ ತಿರುಗಿದಂತೆ ತಿರುಗಿ ಹೆಂಗಸರನ್ನು ಒಪ್ಪಿಸಿದ್ದು, ಇದ್ಯಾವುದನ್ನೂ ಕೇಳದೆ ಹಾಸಿಗೆಯ ಸುದ್ದಿಯೊಂದನ್ನೇ ಕೇಳುವ ಲೋಕದ ಜೊತೆ ನಾನೂ ಸೇರಿಕೊಂಡಿದ್ದೆ. ಅದೂ ಮೈಕಿನಲ್ಲಿ.

ಎರಡನೆಯದು ಇದಕ್ಕಿಂತ ದೊಡ್ಡದು. ಶಾಂತಿ ಮಾತುಕತೆ ಶುರುವಾದದ್ದು ಘಾನಾ ದೇಶದಲ್ಲಿ, 2003ರ ಜೂನ್ 4ರಂದು. ಅದೇ ದಿನ, ಪಕ್ಕದ ಸಿಯೆರಾ ಲಿಯೋನ್‌ನ ಯುದ್ಧಾಪರಾಧಗಳ ವಿಶೇಷ ನ್ಯಾಯಾಲಯ ಟೇಲರನ ಮೇಲಿನ ಆರೋಪಪಟ್ಟಿಯನ್ನು ಬಹಿರಂಗಪಡಿಸಿತು. ಅವನು ಸಭೆ ಬಿಟ್ಟು ಊರಿಗೆ ಓಡಿದ. ಉಳಿದವರು ಮಾತು ಮುಂದುವರಿಸಿದರು. ದಂಡುಗಳ ನಾಯಕರು ಹೋಟೆಲಿನಲ್ಲಿ ಉಳಿದು, ಊಟ ಮಾಡಿ, ಯಾವ ಖಾತೆ ಯಾರಿಗೆ ಎಂದು ಚೌಕಾಸಿ ಮಾಡುತ್ತಿದ್ದರು. ಜೂನ್ ಹೋಗಿ ಜುಲೈ ಬಂತು. ಅತ್ತ ಮನ್ರೋವಿಯಾದ ಮೇಲೆ ಒಂದರ ಹಿಂದೊಂದು ದಾಳಿ. ಊರಿನವರು ಅವುಗಳಿಗೆ ಮೊದಲನೆಯ, ಎರಡನೆಯ, ಮೂರನೆಯ ಮಹಾಯುದ್ಧ ಎಂದೇ ಹೆಸರಿಟ್ಟಿದ್ದರು. ಸಾವಿನ ನಡುವೆಯೂ ಆ ಜನ ಬಿಡದ ಹಾಸ್ಯ ನೋಡಿ! ಜುಲೈ 21ರಂದು ಅಮೆರಿಕದ ರಾಯಭಾರ ಕಚೇರಿಯ ಆವರಣದಲ್ಲಿ ಆಶ್ರಯ ಪಡೆದಿದ್ದವರ ಮೇಲೇ ಶೆಲ್ ಬಿತ್ತು. ಹೆಣಗಳನ್ನು ಜನ ತಂದು ಆ ಕಚೇರಿಯ ಗೇಟಿನ ಮುಂದೆ ಸಾಲಾಗಿ ಮಲಗಿಸಿದರು.

ಆ ಸುದ್ದಿ ಘಾನಾ ತಲುಪಿತು. ಲೇಮಾ ಮತ್ತು ಜೊತೆಯ ಹೆಂಗಸರು, ಅಲ್ಲಿನ ನಿರಾಶ್ರಿತರ ಶಿಬಿರದಿಂದ ಬಂದವರೂ ಸೇರಿ, ಮಾತುಕತೆಯ ಕೋಣೆಯ ಬಾಗಿಲಿಗೆ ಅಡ್ಡ ಕುಳಿತು ತೋಳಿಗೆ ತೋಳು ಹೆಣೆದರು. ಒಪ್ಪಂದವಾಗದೆ ಒಬ್ಬನೂ ಹೊರಗೆ ಬರಕೂಡದು. ನಮ್ಮ ಮಕ್ಕಳ ಹಾಗೆ ಇವರಿಗೂ ಒಂದು ಹೊತ್ತು ಹಸಿವು ನೀರಡಿಕೆ ತಿಳಿಯಲಿ. ಕಾವಲಿನವರು ಬಂದು, ನ್ಯಾಯಕ್ಕೆ ಅಡ್ಡಿ ಮಾಡುತ್ತಿದ್ದೀರಿ, ನಾಯಕಿ ಯಾರು, ಬಂಧಿಸುತ್ತೇವೆ ಎಂದರು. ನ್ಯಾಯವೆಂಬ ಆ ಪದ ಕಿವಿಗೆ ಬಿದ್ದದ್ದೇ ಲೇಮಾ ಎದ್ದು ನಿಂತಳು. ನಿಮ್ಮ ಕೆಲಸ ನಾನೇ ಸುಲಭ ಮಾಡಿಕೊಡುತ್ತೇನೆ, ಮೈಮೇಲಿನ ಬಟ್ಟೆ ಕಳಚಿ ನಿಲ್ಲುತ್ತೇನೆ ಎಂದು ತಲೆವಸ್ತ್ರಕ್ಕೆ ಕೈಹಾಕಿದಳು. ಮಕ್ಕಳ ತಾಯಿಯಾದ ಹೆಂಗಸು ತಾನಾಗಿ ಬೆತ್ತಲಾದರೆ ನೋಡಿದ ಗಂಡಸಿಗೆ ಶಾಪ ತಟ್ಟುತ್ತದೆ ಎಂಬುದು ಪಶ್ಚಿಮ ಆಫ್ರಿಕದ ಹಲವು ಕಡೆ ಆಳವಾಗಿ ಬೇರುಬಿಟ್ಟ ನಂಬಿಕೆ. ಬಂಧಿಸಲು ಬಂದವರು ಹಿಂಜರಿದರು. ಸಂಧಾನಕಾರರಾಗಿದ್ದ ನೈಜೀರಿಯಾದ ಜನರಲ್ ಅಬೂಬಕರ್ ಹೊರಗೆ ಬಂದು ಆಕೆಯನ್ನು ಸಮಾಧಾನಪಡಿಸಿದರು. ಹಾರಿ ದಾಟಲು ನೋಡಿದ ದಂಡಿನ ನಾಯಕನೊಬ್ಬನಿಗೆ, ನೀವು ನಿಜವಾದ ಗಂಡಸರಾಗಿದ್ದರೆ ನಿಮ್ಮ ಜನರನ್ನೇ ಕೊಲ್ಲುತ್ತಿರಲಿಲ್ಲ ಎಂದು ಗದರಿಸಿ ಒಳಗೆ ಕಳಿಸಿದರು.

ಈ ಭಾಗ ಬಂದಾಗ ನಾನು ಚಿತ್ರ ನಿಲ್ಲಿಸಿ ಹೇಳಿದ್ದು ಇಷ್ಟು: "ಬಂಧಿಸಲು ಬಂದಾಗ ಆಕೆ ಉಗ್ರವಾಗಿ ಪ್ರತಿಭಟಿಸುವುದಾಗಿ ಎಚ್ಚರಿಸಿದಳು."

ಉಗ್ರವಾಗಿ ಪ್ರತಿಭಟನೆ! ದಿನಪತ್ರಿಕೆಯ ಮೂರನೇ ಪುಟದ ಭಾಷೆ. ಮುಂದಿನ ಸಾಲಿನಲ್ಲಿ ಊರಿನ ಹಿರಿಯರು ಕುಳಿತಿದ್ದರು, ಅತಿಥಿಗಳಿದ್ದರು, ನನ್ನ ಮಾವನವರ ಸ್ನೇಹಿತರಿದ್ದರು. ನಾಲಿಗೆ ತಿರುಗಲಿಲ್ಲ. ಗಂಡಂದಿರ ವ್ರತವನ್ನು ನಗೆಯಲ್ಲಿ ತೇಲಿಸಿ ಹೇಳುವಾಗ ಇಲ್ಲದ ಸಂಕೋಚ ಇಲ್ಲಿ ಎಲ್ಲಿಂದ ಬಂತು ಎಂದು ಆಮೇಲೆ ಬಹಳ ಯೋಚಿಸಿದೆ. ಮೊದಲನೆಯದು ಗಂಡಸರಿಗೆ ಇಷ್ಟವಾಗುವ ಕಥೆ; ಅದರ ಕೇಂದ್ರದಲ್ಲಿ ಅವರೇ ಇದ್ದಾರೆ. ಎರಡನೆಯದರಲ್ಲಿ ಅವರು ತಲೆತಗ್ಗಿಸಬೇಕು. ಸಭೆಗೆ ಯಾವುದು ಹಿತವೆಂದು ನನ್ನ ನಾಲಿಗೆಗೆ ನನಗಿಂತ ಮೊದಲೇ ಗೊತ್ತಿತ್ತು.

ಮನೆಗೆ ನಡೆದು ಬರುವಾಗ ನನ್ನ ದೊಡ್ಡಮ್ಮ ಕೇಳಿದರು. ನಾಲ್ಕನೇ ಕ್ಲಾಸು ಓದಿದವರು, ಇಂಗ್ಲಿಷಿನ ಒಂದು ಅಕ್ಷರ ಬಾರದವರು.

"ಅಲ್ವೇ, ಆ ಹೆಂಗಸು ಏನೋ ಹೇಳೋವಾಗ ಅವಳ ಮುಖ ನೋಡಿದೆ. ನೀನು ಹೇಳಿದೆಯಲ್ಲ, ಅಷ್ಟು ಸಣ್ಣ ಮಾತಲ್ಲ ಅದು. ಏನಂದಳು?"

ಬೀದಿ ದೀಪದ ಕೆಳಗೆ ನಿಂತು ಹೇಳಿದೆ. ದೊಡ್ಡಮ್ಮ ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗನ್ನೋಕೆ ಮುಂಚೆ ಅವಳಿಗೆ ಎಷ್ಟು ಆಗಿರಬೇಕು" ಎಂದರು. ಆ ಸಂಜೆಯ ಇಡೀ ಚರ್ಚೆಯಲ್ಲಿ ಚಿತ್ರದ ಬಗ್ಗೆ ಬಂದ ಒಳ್ಳೆಯ ವಿಮರ್ಶೆ ಅದೊಂದೇ. ಅದು ಹಾಲಿನ ಹೊರಗೆ ಬಂತು.

ಹಾಲಿನ ಒಳಗೆ ಬಂದದ್ದೇನು? ಹೆಣ್ಣು ಸ್ವಭಾವತಃ ಶಾಂತಿಪ್ರಿಯಳು, ಸಹನೆಯ ಮೂರ್ತಿ, ತಾಯಿ, ಭೂಮಿ. ಅತಿಥಿಗಳಲ್ಲೊಬ್ಬರು ಇದನ್ನೇ ಮುಕ್ಕಾಲು ಗಂಟೆ ಹೇಳಿದರು. ನಮ್ಮ ದೇಶದ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಹೆಣ್ಣುಮಕ್ಕಳ ತುಕಡಿ 2007ರಲ್ಲಿ ಲೈಬೀರಿಯಾಕ್ಕೆ ಹೋಗಿತ್ತೆಂದು ಅವರು ಜ್ಞಾಪಿಸಿದ್ದು ಮಾತ್ರ ಒಳ್ಳೆಯದಾಯಿತು. ವಿಶ್ವಸಂಸ್ಥೆಯ ಕೆಲಸಕ್ಕೆ ಹೋದ, ಪೂರ್ತಿ ಮಹಿಳೆಯರದೇ ಆದ ಮೊದಲ ಪೊಲೀಸ್ ತುಕಡಿ ಅದು. ಸರದಿಯ ಮೇಲೆ 2016ರವರೆಗೆ ಅಲ್ಲಿತ್ತು. ಆದರೆ ಕೋವಿ ಹಿಡಿದು ಕಾವಲು ನಿಂತ ಆ ಹುಡುಗಿಯರನ್ನೂ ಅವರು ಸಹನೆಯ ಮೂರ್ತಿಗಳ ಪಟ್ಟಿಗೇ ಸೇರಿಸಿಬಿಟ್ಟರು!

ಈ ಧೋರಣೆಗೆ ಅತಿಥಿಗಳನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಚಿತ್ರವೇ ಅದಕ್ಕೆ ಸ್ವಲ್ಪ ಅವಕಾಶ ಮಾಡಿಕೊಡುತ್ತದೆ ಎಂಬುದು ನನ್ನ ಆಕ್ಷೇಪಣೆ. ಬಿಳಿ ಬಟ್ಟೆ, ಪ್ರಾರ್ಥನೆ, ಹಾಡು, ಕಣ್ಣೀರು ಇವೆಲ್ಲ ಪರದೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತವೆ. ಆದರೆ ಆ ಯುದ್ಧದಲ್ಲಿ ಹೆಂಗಸರೆಲ್ಲ ಬಿಳಿ ಉಟ್ಟವರೇ ಆಗಿರಲಿಲ್ಲ. ಬಂಡುಕೋರರ ದಂಡಿನಲ್ಲಿ ಹುಡುಗಿಯರದೇ ಒಂದು ತುಕಡಿಯಿತ್ತು. 'ಬ್ಲ್ಯಾಕ್ ಡೈಮಂಡ್' ಎಂದು ಕರೆಸಿಕೊಳ್ಳುತ್ತಿದ್ದ ಯುವತಿಯೊಬ್ಬಳು ಅದರ ಮುಖ್ಯಸ್ಥೆ. ಬಂಡುಕೋರರ ನಾಯಕ ಸೇಕೂ ಕೊನ್ನೆಗೆ ಪಕ್ಕದ ಗಿನಿ ದೇಶದ ಅಧ್ಯಕ್ಷರ ಬೆಂಬಲ ಸಿಕ್ಕಿದ್ದರಲ್ಲಿ, ಆ ಅಧ್ಯಕ್ಷರಿಗೆ ಭವಿಷ್ಯ ಹೇಳುತ್ತಿದ್ದ ಅವನ ಹೆಂಡತಿ ಆಯೇಷಾಳ ಪಾತ್ರ ದೊಡ್ಡದು. ಇವರು ಹೆಂಗಸರಲ್ಲವೇ? ಇವರನ್ನು ಬಿಟ್ಟರೆ ಬಿಳಿಯುಟ್ಟವರು ಸ್ವಭಾವದಿಂದ ಹಾಗೆ ಎಂದಾಗುತ್ತದೆ. ಇವರನ್ನೂ ಎದುರಿಗಿಟ್ಟುಕೊಂಡು ನೋಡಿದರೆ ಮಾತ್ರ, ಮೀನುಮಾರುಕಟ್ಟೆಯಲ್ಲಿ ಕುಳಿತವರು ಒಂದು ದಾರಿಯನ್ನು ಆರಿಸಿಕೊಂಡರು ಎಂದು ತಿಳಿಯುತ್ತದೆ.

ಲೇಮಾಳ ಪುಸ್ತಕದಲ್ಲಿ ಈ ಆಯ್ಕೆ ಎಷ್ಟು ದುಬಾರಿಯಾಯಿತೆಂದು ಇದೆ. ಯುದ್ಧ ಬಂದಾಗ ಹದಿನೇಳರ ಹುಡುಗಿ. ಹೊಡೆಯುವ ಗಂಡಸಿನ ಜೊತೆ ಬಾಳು. ಒಂದರ ಹಿಂದೊಂದು ಮಕ್ಕಳು. ಅವನನ್ನು ಬಿಟ್ಟು ಬಂದು ಸಂಬಳವಿಲ್ಲದ ಸ್ವಯಂಸೇವಕಿಯಾಗಿ ಸೇರಿ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಹುಡುಗ ಸಿಪಾಯಿಗಳ ಬೈಗುಳ ಕೇಳುತ್ತ ಕೆಲಸ ಕಲಿತದ್ದು. ಊರೂರು ತಿರುಗುವಾಗ ಮಕ್ಕಳನ್ನು ಸೋದರಿಯ ಕೈಗೆ ಒಪ್ಪಿಸಿದ್ದು, ಆ ಕೊರಗಿಗೆ ಕುಡಿತ ಅಂಟಿಸಿಕೊಂಡದ್ದು. ಸಹನೆಯ ಮೂರ್ತಿಯಲ್ಲ, ಮೈಯೆಲ್ಲ ಸಿಟ್ಟು ತುಂಬಿದ ಹೆಂಗಸು. ಚಿತ್ರದ ಲೇಮಾಳನ್ನು ನಾವು ಗೌರವಿಸುತ್ತೇವೆ, ಪುಸ್ತಕದ ಲೇಮಾ ನಮ್ಮ ಅಡಿಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂರುತ್ತಾಳೆ. ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ ನಾನು ಪುಸ್ತಕವನ್ನೇ ಎತ್ತಿಕೊಂಡೇನು.

ಚಿತ್ರ ಬಿಟ್ಟ ಇನ್ನೊಂದು ಸಂಗತಿ ನಮ್ಮಂಥ ಸಮಾಜಗಳವರಿಗೆ ಇರಿಸುಮುರಿಸು ತರುವಂಥದ್ದು. ಬಾಗಿಲಿಗೆ ಅಡ್ಡ ಕುಳಿತವರು ಹೊರಗಿದ್ದರಷ್ಟೆ. ಒಳಗೆ ಇನ್ನೊಂದು ಮಹಿಳಾ ಸಂಘಟನೆಯವರಿದ್ದರು: ಲೈಬೀರಿಯಾ, ಗಿನಿ, ಸಿಯೆರಾ ಲಿಯೋನ್ ಮೂರೂ ದೇಶಗಳ ಓದಿದ, ಹೆಸರುಳ್ಳ ಮಹಿಳೆಯರು ಸೇರಿ 2000ದಲ್ಲಿ ಕಟ್ಟಿದ ಮಾನೋ ನದಿ ಶಾಂತಿ ಜಾಲ. ಮೂರು ದೇಶಗಳ ಅಧ್ಯಕ್ಷರನ್ನು ಮಾತಿಗೆ ಕೂರಿಸಲು ಮೊದಲೇ ಓಡಾಡಿದವರು. 2003ರ ಆಗಸ್ಟ್ 18ರ ಒಪ್ಪಂದಕ್ಕೆ ಸಾಕ್ಷಿಯಾಗಿ ಅವರ ಸಹಿಯಿದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ಆ ವರ್ಷ ಅವರಿಗೂ ಬಂತು. ಚಿತ್ರ ನೋಡಿದವರಿಗೆ ಇವರು ಇದ್ದರೆಂದೇ ಗೊತ್ತಾಗುವುದಿಲ್ಲ. ಕುರ್ಚಿಯ ಮೇಲಿನ ಹೆಂಗಸರು, ನೆಲದ ಮೇಲಿನ ಹೆಂಗಸರು. ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಏನನ್ನಿಸುತ್ತಿತ್ತು? ನಮ್ಮಲ್ಲಿ ಯಾವ ಊರಿನ ಮಹಿಳಾ ಸಮಾಜದಲ್ಲೂ ಈ ಪ್ರಶ್ನೆ ಮುಖ್ಯ. ಇದನ್ನು ಕೇಳಿದ್ದರೆ ಚಿತ್ರದ ಕಥೆ ಇಷ್ಟು ನುಣುಪಾಗಿ ಓಡುತ್ತಿರಲಿಲ್ಲ, ನಿಜ.

ಒಪ್ಪಂದವಾದರೂ ಎಂಥದು? ಮಧ್ಯಂತರ ಶಾಸನಸಭೆಯ 76 ಸ್ಥಾನಗಳಲ್ಲಿ ಟೇಲರನ ಸರ್ಕಾರದ ಕಡೆಯವರಿಗೆ 12, ಎರಡು ಬಂಡುಕೋರ ದಂಡುಗಳಿಗೆ ತಲಾ 12. ಕೊಂದವರಿಗೆ ಪಾಲು ಮೊದಲು. ಉಳಿದದ್ದರಲ್ಲಿ ಜನಸಂಘಟನೆ ಇತ್ಯಾದಿಗಳಿಗೆಲ್ಲ ಸೇರಿ ಏಳು. ಕೋವಿ ಒಪ್ಪಿಸುವ ಕೆಲಸವನ್ನು ಹೇಗೆ ನಡೆಸಬೇಕೆಂದು ಹೆಂಗಸರು ವಿಶ್ವಸಂಸ್ಥೆಯವರಿಗೆ ಹೇಳಲು ಹೋದಾಗ ಕೇಳಿಸಿಕೊಳ್ಳಲಿಲ್ಲ. ಆ ಡಿಸೆಂಬರಿನಲ್ಲಿ ಮೊದಲ ಶಿಬಿರಕ್ಕೆ ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಹುಡುಗರು ನುಗ್ಗಿ ಗಲಭೆಯಾಯಿತು. ಆಮೇಲೆ ಹುಡುಗರಿಗೆ ಸಮಾಧಾನ ಹೇಳಲು ಈ ಹೆಂಗಸರೇ ಬೇಕಾದರು. ಕೊನೆಗೆ ಒಂದು ಲಕ್ಷಕ್ಕೂ ಮೀರಿ ಹೋರಾಟಗಾರರ ಹೆಸರು ಬರೆಸಿಕೊಂಡಾಗ ಸಿಕ್ಕ ಕೋವಿಗಳು ಸುಮಾರು 28 ಸಾವಿರ ಮಾತ್ರ. ಶಾಂತಿಯ ಕೆಲಸದಲ್ಲಿ ಹೆಂಗಸರಿಗೆ ಸಮಪಾಲು ಇರಬೇಕೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರಿನಲ್ಲಿ, 1325ನೆಯ ಠರಾವಿನಲ್ಲಿ, ಒಪ್ಪಿಯಾಗಿತ್ತು. ಆದರೂ 1992ರಿಂದ 2019ರವರೆಗಿನ ದೊಡ್ಡ ಶಾಂತಿ ಮಾತುಕತೆಗಳನ್ನು ಲೆಕ್ಕ ಹಾಕಿದರೆ ಸಂಧಾನದ ಮೇಜಿನಲ್ಲಿ ಕುಳಿತವರಲ್ಲಿ ಹೆಂಗಸರು ನೂರಕ್ಕೆ 13, ಸಹಿ ಹಾಕಿದವರಲ್ಲಿ ನೂರಕ್ಕೆ 6.

ಚಿತ್ರ ಮುಗಿಯುವುದು ಎಲೆನ್ ಜಾನ್ಸನ್ ಸರ್ಲೀಫ್ 2006ರ ಜನವರಿಯಲ್ಲಿ ಅಧ್ಯಕ್ಷೆಯಾಗುವಲ್ಲಿಗೆ. ಆಫ್ರಿಕದಲ್ಲಿ ಚುನಾವಣೆ ಗೆದ್ದು ಅಧ್ಯಕ್ಷೆಯಾದ ಮೊದಲ ಮಹಿಳೆ. ಹಾಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದೆವು. ತಟ್ಟುವಂಥ ಗಳಿಗೆಯೇ ಹೌದು. ಆದರೆ 2009ರಲ್ಲಿ ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ, ಟೇಲರನಿಗೆ ಮೊದಲಲ್ಲಿ ನೆರವಾಗಿದ್ದಕ್ಕಾಗಿ ಆಕೆಯನ್ನು 30 ವರ್ಷ ಅಧಿಕಾರದಿಂದ ದೂರವಿಡಬೇಕೆಂದು ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. 2011ರಲ್ಲಿ ಲೇಮಾ ಮತ್ತು ಸರ್ಲೀಫ್ ಇಬ್ಬರಿಗೂ, ಯೆಮನ್ನಿನ ತವಕ್ಕುಲ್ ಕರ್ಮಾನ್ ಜೊತೆಯಲ್ಲಿ, ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮರುವರ್ಷವೇ ಲೇಮಾ, ಬಡವರಿಗೆ ಏನೂ ಮಾಡಲಿಲ್ಲ, ಮಕ್ಕಳಿಗೆ ಹುದ್ದೆ ಕೊಟ್ಟರು ಎಂದು ಅಧ್ಯಕ್ಷೆಯನ್ನು ಬಹಿರಂಗವಾಗಿ ಟೀಕಿಸಿ ಸಾಮರಸ್ಯದ ಕಾರ್ಯಕ್ರಮದ ಮುಖ್ಯಸ್ಥೆಯ ಸ್ಥಾನ ಬಿಟ್ಟು ಹೊರಬಂದಳು. ಟೇಲರನಿಗೆ 2012ರಲ್ಲಿ 50 ವರ್ಷ ಸೆರೆಮನೆ ಆಯಿತು; ಅದು ಸಿಯೆರಾ ಲಿಯೋನ್‌ನಲ್ಲಿ ಆದ ಅನಾಹುತಕ್ಕೆ, ಲೈಬೀರಿಯಾದಲ್ಲಿ ಆದದ್ದಕ್ಕಲ್ಲ. ತಮ್ಮದೇ ನೆಲದ ಅಪರಾಧಗಳಿಗೆ ನ್ಯಾಯಾಲಯ ಬೇಕೆಂದು ಅಲ್ಲಿನವರು ಕೇಳುತ್ತ ಬಂದು, 2024ರ ಮೇ ತಿಂಗಳಲ್ಲಷ್ಟೇ ಅದಕ್ಕೊಂದು ಕಚೇರಿ ತೆರೆಯುವ ಆದೇಶಕ್ಕೆ ಅಧ್ಯಕ್ಷ ಬೋಅಕಾಯ್ ಸಹಿ ಮಾಡಿದರು. 2008ರ ಚಿತ್ರಕ್ಕೆ ಇದೆಲ್ಲ ಹೇಗೆ ಗೊತ್ತಿರಬೇಕು ಎಂದು ಕೇಳಬಹುದು, ನ್ಯಾಯವೇ. ಈಗ ಅದನ್ನು ತೋರಿಸುವ ನಮಗೆ ಗೊತ್ತಿರಬೇಕಲ್ಲ.

ಪಕ್ಕದ ಊರಿನ ಸಮಾಜದವರು ಬರುವ ತಿಂಗಳು ಅದೇ ಚಿತ್ರವನ್ನು ತೋರಿಸುತ್ತಾರಂತೆ. ನನ್ನ ನಿರೂಪಣೆ ಬಹಳ ಚೆನ್ನಾಗಿತ್ತೆಂದು ಕೇಳಿದ್ದಾರಂತೆ, ನಾನೇ ಬರಬೇಕಂತೆ. ಒಪ್ಪಿದ್ದೇನೆ. ಅತಿಥಿಗಳ ಭಾಷಣ ಬೇಡ, ಚಿತ್ರ ಮುಗಿದ ಮೇಲೆ ಪುಸ್ತಕದಿಂದ ಅರ್ಧ ಗಂಟೆ ನಾನು ಹೇಳುತ್ತೇನೆ ಎಂದು ಕೇಳಿಕೊಂಡಿದ್ದೇನೆ. ವ್ರತದ ಭಾಗದಲ್ಲಿ ಚಿತ್ರ ನಿಲ್ಲಿಸುವುದಿಲ್ಲ. ಬಾಗಿಲಿನ ಭಾಗದಲ್ಲಿ ನಿಲ್ಲಿಸಬೇಕು. ಅಲ್ಲಿಗೆ ಯಾವ ಪದ ಹಾಕಲಿ ಎಂದು ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ವಿವಸ್ತ್ರ ಎಂದರೆ ಪುರಾಣವಾಗುತ್ತದೆ, ಬೆತ್ತಲೆ ಎಂದರೆ ಯಾರಾದರೂ ಕಿಸಕ್ಕೆಂದಾರು. ನಿನ್ನೆ ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತ ಕುಳಿತಿದ್ದರು. ಕೇಳಿದೆ.

"ಅವಳು ಏನಂದಳೋ ಅದನ್ನೇ ಅನ್ನು. ಬಟ್ಟೆ ಬಿಚ್ಚಿ ನಿಲ್ತೀನಿ ಅಂದಳು ಅನ್ನು" ಎಂದರು. "ಆಮೇಲೆ ಸ್ವಲ್ಪ ಹೊತ್ತು ನೀನು ಬಾಯಿ ಮುಚ್ಚಿಕೊಂಡಿರು."